ಗಾಂಜಾ ಬಿಡದ ಮಗನಿಗೆ ‘ಕೊಬ್ಬು’ ಎನ್ನುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿವೆ: ಹಾನಿ ಗೊತ್ತಿದ್ದೂ ರೋಗಿ ಗಾಂಜಾ ಬಿಡುವುದಿಲ್ಲ ಏಕೆ? ಸೈಕೋಸಿಸ್ (ಇಲ್ಲದ ಧ್ವನಿ ಕೇಳಿಸುವ, ಬುಡವಿಲ್ಲದ ಅನುಮಾನ ಕಾಡುವ ಮನೋರೋಗ) ಇರುವವರಿಗೆ ಗಾಂಜಾ ಹಾನಿಕರ ಎಂಬುದು ಇತ್ಯರ್ಥವಾದ ವಿಷಯ. ಅದನ್ನು ಮತ್ತೆ ಚರ್ಚೆಗೆ ಎಳೆಯುವುದಿಲ್ಲ.

ನನ್ನ ಮಗನಿಗೆ 24 ವರ್ಷ. ಎರಡು ವರ್ಷದಿಂದ ಸೈಕೋಸಿಸ್‌ಗೆ ಚಿಕಿತ್ಸೆ ನಡೆಯುತ್ತಿದೆ. ಗಾಂಜಾ ಸೇದಿದ ಮೇಲೆ ಅನುಮಾನ ಹೆಚ್ಚುತ್ತದೆ, ಕಿವಿಯಲ್ಲಿ ಧ್ವನಿ ಜೋರಾಗುತ್ತದೆ ಎಂದು ಅವನೇ ಒಪ್ಪುತ್ತಾನೆ. ಆದರೂ ಬಿಡುವುದಿಲ್ಲ. ಇದು ಕಾಯಿಲೆಯೋ, ಕೊಬ್ಬೋ? — ಒಬ್ಬ ತಾಯಿ, ದಾವಣಗೆರೆ

ತಾಯಿ, ಆ ‘ಕೊಬ್ಬು’ ಎಂಬ ಮಾತನ್ನು ಮೊದಲು ಮನೆಯಿಂದ ಹೊರಗೆ ಹಾಕಿ. ಹಲವು ದೇಶಗಳ ಸಂಶೋಧಕರು ಇದೇ ಪ್ರಶ್ನೆಯನ್ನು ರೋಗಿಗಳನ್ನೇ ಕೂರಿಸಿಕೊಂಡು ಕೇಳಿದ್ದಾರೆ. ಬೇಸರ ಕಳೆಯಲು, ಮನಸ್ಸು ಹಗುರಾಗಲು, ಆತಂಕ ತಗ್ಗಲು, ನಿದ್ದೆ ಬರಲು, ಗೆಳೆಯರ ಜೊತೆ ಕೂರಲು ಎಂಬ ಉತ್ತರಗಳೇ ಎಲ್ಲ ಕಡೆ ಮುಂದೆ ಬಂದಿವೆ. ಧ್ವನಿಗಳನ್ನು ಅಡಗಿಸಲು ಸೇದುತ್ತೇನೆ ಎಂದವರು ಕಡಿಮೆ. ಆರೋಗ್ಯವಂತ ಹುಡುಗರು ಕೊಡುವ ಕಾರಣಗಳೂ ಬಹುತೇಕ ಇವೇ, ಆದರೆ ನಿಮ್ಮ ಮಗನಿಗೆ ಇವೇ ಸುಖಗಳನ್ನು ಪಡೆಯಲು ಬೇರೆ ದಾರಿಗಳು ಒಂದೊಂದಾಗಿ ಮುಚ್ಚಿಹೋಗಿವೆ.

ಅವನ ದಿನವನ್ನು ಒಮ್ಮೆ ಹತ್ತಿರದಿಂದ ನೋಡಿ. ನನ್ನಲ್ಲಿಗೆ ಬರುತ್ತಿದ್ದ ಯುವಕನೊಬ್ಬನಿಗೆ, ಬಿಡುವ ಮಾತು ಆಮೇಲೆ, ಮೊದಲು ಸೇದಿದ ಹೊತ್ತನ್ನು ಮಾತ್ರ ಬರೆದಿಡು ಎಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದೆ. ಮೂರು ವಾರ ಬಿಟ್ಟು ತಂದ. ಪುಟಪುಟದಲ್ಲೂ ಸಂಜೆ ಐದು, ಐದೂಕಾಲು, ಐದು. ಹನ್ನೊಂದಕ್ಕೆ ಏಳುತ್ತಿದ್ದ, ಊಟ ಮಾಡುತ್ತಿದ್ದ, ಅಲ್ಲಿಂದ ಮುಂದೆ ಅವನಿಗೆ ಯಾರೂ ಒಂದು ಕೆಲಸವನ್ನೂ ಹೇಳುತ್ತಿರಲಿಲ್ಲ. ಐದು ಗಂಟೆಗೆ ಕೆರೆ ಏರಿಯ ಮೇಲೆ ಸಿಗುತ್ತಿದ್ದ ಇಬ್ಬರು ಮಾತ್ರ ಅವನನ್ನು ಹುಚ್ಚನೆಂದು ನೋಡದೆ, ‘ಬಾರೋ’ ಎಂದು ಪಕ್ಕದಲ್ಲಿ ಜಾಗ ಕೊಡುತ್ತಿದ್ದರು. ಆ ಜಾಗಕ್ಕೆ ಬದಲಾಗಿ ಏನನ್ನೂ ಕೊಡದೆ ‘ಬಿಡು’ ಎಂದರೆ ಯಾರು ಬಿಟ್ಟಾರು?

ಇನ್ನೊಂದನ್ನೂ ಗಮನಿಸಿ. ಕಾಯಿಲೆಯೇ ಉತ್ಸಾಹವನ್ನು ಬತ್ತಿಸುತ್ತದೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಅಬ್ಬರವನ್ನು ತಗ್ಗಿಸುವ ನಮ್ಮ ಮಾತ್ರೆಗಳೂ ಕೆಲವರಲ್ಲಿ ಸಂತೋಷವನ್ನು ಮಂಕಾಗಿಸುತ್ತವೆ. ಕೆಲವರಿಗೆ ಮಾತ್ರೆಯಿಂದ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ: ಊಟಕ್ಕೆ ಕೂತವನು ಎರಡು ತುತ್ತಿಗೆ ಎದ್ದು ಪಡಸಾಲೆಯಲ್ಲಿ ಅಡ್ಡಾಡುತ್ತಾನೆ. ಇದನ್ನು ಮನೆಯವರು ಹೇಳುವುದಿಲ್ಲ, ಅವಸರದಲ್ಲಿರುವ ವೈದ್ಯರು ಕೇಳುವುದಿಲ್ಲ. ಹುಡುಗ ಗಾಂಜಾದಲ್ಲಿ ನೆಮ್ಮದಿ ಹುಡುಕುತ್ತಾನೆ. ಪ್ರಮಾಣ ಅಥವಾ ಮಾತ್ರೆ ಬದಲಿಸಿದರೆ ಆ ಚಡಪಡಿಕೆ ತಗ್ಗುತ್ತದೆ, ದಯವಿಟ್ಟು ವೈದ್ಯರಿಗೆ ಹೇಳಿ. ಗಾಂಜಾದ ಹಿತ ಕೆಲವೇ ನಿಮಿಷದಲ್ಲಿ ಸಿಗುತ್ತದೆ, ಬೆಲೆ ತೆರುವುದು ಮರುದಿನವೋ ಮುಂದಿನ ವಾರವೋ. ಹಾನಿ ಗೊತ್ತಿದ್ದೂ ಸೇದುವುದರ ಗುಟ್ಟು ಇದೇ.

ಬಿಡಲು ಹೊರಟಾಗ ಒಂದೆರಡು ದಿನದಲ್ಲೇ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ಶುರುವಾಗಿ, ಮೊದಲ ವಾರ ಜೋರಾಗಿದ್ದು, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತವೆ. ಅಷ್ಟರೊಳಗೆ ಅವನು ‘ಗಾಂಜಾವೇ ನನಗೆ ಔಷಧ’ ಎಂದು ತೀರ್ಮಾನಿಸಿಬಿಡುತ್ತಾನೆ. ಇದು ಬಂದು ಹೋಗುವಂಥದ್ದೆಂದು ಮೊದಲೇ ತಿಳಿಸಿ. ಆದರೆ ಮೂರು ರಾತ್ರಿ ಕಣ್ಣು ಮುಚ್ಚದಿದ್ದರೆ, ಅನುಮಾನ ಮರುಕಳಿಸಿದರೆ ಕಾಯದೆ ವೈದ್ಯರ ಬಳಿ ಕರೆದೊಯ್ಯಿರಿ.

ಮಂಜುನಾಥನ ಮೇಲೆ ಆಣೆ ಮಾಡಿಸಬೇಡಿ. ಆಣೆ ಮುರಿದವನು ಅಂದಿನಿಂದ ಸುಳ್ಳು ಹೇಳಲು ಕಲಿಯುತ್ತಾನೆ, ಮುಚ್ಚಿಟ್ಟು ಸೇದುವವನಿಗೆ ನಾನು ಚಿಕಿತ್ಸೆ ಮಾಡಲಾರೆ. ಐದು ಗಂಟೆಗೆ ಅವನಿಗೊಂದು ನಿಜವಾದ ಕೆಲಸ ಕೊಡಿ, ಅಂಗಡಿಯ ಗಲ್ಲಾ ಆದರೂ ಸರಿ, ಹಾಲು ಹಾಕುವುದಾದರೂ ಸರಿ. ಸೇದಿದ ದಿನ ‘ಎರಡೂ ಸೇರಿದರೆ ವಿಷ’ ಎಂದು ಮಾತ್ರೆ ತಪ್ಪಿಸುವ ಮನೆಗಳು ಎಷ್ಟೋ. ಅದು ದೊಡ್ಡ ತಪ್ಪು, ಯಾವ ಬದಲಾವಣೆಯನ್ನೂ ವೈದ್ಯರನ್ನು ಕೇಳದೆ ಮಾಡಬೇಡಿ. ಗಾಂಜಾವನ್ನು ತಂಬಾಕಿನ ಜೊತೆ ಬೆರೆಸಿ ಸೇದುವವರಲ್ಲಿ ಆ ಹೊಗೆ ಸೈಕೋಸಿಸ್‌ಗೆ ಕೊಡುವ ಕ್ಲೊಜಪಿನ್, ಒಲಾಂಜಪಿನ್ ಮಾತ್ರೆಗಳನ್ನು ದೇಹದಿಂದ ಬೇಗ ಖಾಲಿ ಮಾಡಿಸುತ್ತದೆ. ಅಂಥವರು ಎರಡನ್ನೂ ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಮಾತ್ರೆಯ ಮಟ್ಟ ಏರುತ್ತದೆ. ಆದ್ದರಿಂದ ಬಿಡುವ ಸಂಗತಿಯನ್ನೂ ಮೊದಲೇ ತಿಳಿಸಿ.

ಮಠದ ಸಾಧುಗಳು ಜೀವಮಾನವಿಡೀ ಚಿಲುಮೆ ಸೇದಿದರೂ ಅವರಿಗೇನೂ ಆಗಲಿಲ್ಲವಲ್ಲ?

ಸ್ವೀಡನ್‌ನಲ್ಲಿ 1969–70ರಲ್ಲಿ ಸೇನೆಗೆ ಸೇರಿದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಬಳಸಿದ್ದವರಿಗೆ ಸ್ಕಿಜೋಫ್ರೇನಿಯಾ (ದೀರ್ಘಕಾಲ ಕಾಡುವ ಸೈಕೋಸಿಸ್ ಕಾಯಿಲೆ) ಬರುವ ಸಂಭವ ಬಳಸದವರಿಗಿಂತ ಆರು ಪಟ್ಟು ಇತ್ತು. ಅವರಲ್ಲೂ ಬಹುಪಾಲು ಜನರಿಗೆ ಕಾಯಿಲೆ ಬರಲಿಲ್ಲ; ಹಾಗಾಗಿ ಒಬ್ಬ ಸಾಧುವನ್ನು ತೋರಿಸುವುದರಿಂದ ಏನೂ ಸಾಬೀತಾಗುವುದಿಲ್ಲ.

ಮದುವೆ ಮಾಡಿದರೆ ಬಿಡುತ್ತಾನೆಯೇ?

ಇಲ್ಲ. ಇನ್ನೊಂದು ಮನೆಯ ಹೆಣ್ಣುಮಗಳನ್ನು ಔಷಧವಾಗಿ ತರಬೇಡಿ.

ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಯಿಂದ 15 ದಿನದಲ್ಲಿ ಚಟ ಹೋಗುತ್ತದಂತೆ, ನಿಜವೇ?

ಗಾಂಜಾ ಚಟ ಬಿಡಿಸಲೆಂದೇ ಸಾಬೀತಾದ ಮಾತ್ರೆ ಆಧುನಿಕ ವೈದ್ಯದಲ್ಲೇ ಇನ್ನೂ ಇಲ್ಲ. ಆ ಪುಡಿ ಮಾರುವವನು ವಂಚಕ. ಅದರಲ್ಲಿ ಏನಿದೆಯೆಂದು ನಿಮಗೂ ಗೊತ್ತಿಲ್ಲ, ಮತ್ತು ಮನೆಯ ಅನ್ನದಲ್ಲಿ ಏನೋ ಬೆರೆಸುತ್ತಾರೆಂಬ ರೋಗಿಯ ಅನುಮಾನವನ್ನು ನೀವೇ ನಿಜ ಮಾಡುತ್ತೀರಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಮಗನಿಗೆ ತಿಳಿಯದಂತೆ ಮೂತ್ರ ಪರೀಕ್ಷೆ ಮಾಡಿಸಬಹುದೇ?

ಮಾಡಿಸಬೇಡಿ. ದಿನವೂ ಸೇದುತ್ತಿದ್ದವರ ಮೂತ್ರದಲ್ಲಿ ಬಿಟ್ಟು ಹಲವು ವಾರಗಳಾದರೂ ಅದರ ಅಂಶ ಕಾಣಬಹುದು. ಕಷ್ಟಪಟ್ಟು ಇಪ್ಪತ್ತು ದಿನ ದೂರವಿದ್ದ ಹುಡುಗನ ಮುಂದೆ ಆ ಚೀಟಿ ಹಿಡಿದು ಅವನನ್ನು ಸುಳ್ಳುಗಾರ ಎಂದ ತಂದೆಯನ್ನು ನಾನು ನೋಡಿದ್ದೇನೆ. ಹುಡುಗ ಅಂದು ಸಂಜೆಯೇ ಮತ್ತೆ ಸೇದಿದ.