ಎಂಡೊಮೆಟ್ರಿಯೋಸಿಸ್‌ಗೆ ಲ್ಯಾಪ್ರೋಸ್ಕೋಪಿ ಆಪರೇಷನ್ ಅಂದ್ರ ಏನೇನಾಗ್ತದ?

ಅಕ್ಕಾ, ನನ್ನ ತಂಗಿಗೆ ಕಲಬುರಗಿಯಾಗೇ ಇದು ಆಗ್ಯದ, ಅದಕ್ಕ ಹೇಳ್ತೀನಿ, ಹೆದರಬ್ಯಾಡ್ರಿ. ಎಂಡೊಮೆಟ್ರಿಯೋಸಿಸ್ ಅಂದ್ರ ಗರ್ಭಚೀಲದ ಒಳಪದರದಂಥ ಪದರ ಗರ್ಭಚೀಲದ ಹೊರಗ ಬೆಳೆಯೋ ಬ್ಯಾನಿ. ಪೂರ್ತಿ ಮತ್ತು ಬರೋ ಇಂಜೆಕ್ಷನ್ ಕೊಡ್ತಾರ, ಹೊಕ್ಕಳ ಹತ್ರ ಒಂದು, ಕೆಳಹೊಟ್ಟಿ ಮ್ಯಾಲ ಎರಡು-ಮೂರು ಸಣ್ಣ ತೂತು ಹಾಕಿ, ಹೊಟ್ಟಿಯೊಳಗ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿ ಕ್ಯಾಮೆರಾದಾಗ ನೋಡ್ಕೋತ ಬ್ಯಾನಿ ಇದ್ದ ಜಾಗ ಕತ್ತರಿಸ್ತಾರ ಇಲ್ಲಾ ಸುಡ್ತಾರ. ಎಚ್ಚರಾದ ಮ್ಯಾಲ ಭಾಳ ಮಂದಿಗೆ ಭುಜ ನೋಯ್ತದ, ತಂಗಿ ಬಲಭುಜ ಹಿಡ್ಕೊಂಡೇ ಅತ್ತಳು ಪಾಪ, ಅದು ಗ್ಯಾಸಿಂದು, 2-3 ದಿನದಾಗ ಹೋಗ್ತದ, ಮೆಲ್ಲಕ ಓಡಾಡ್ರಿ. ಸಾದಾ ಕೇಸಿದ್ರ ಅವತ್ತೇ ಇಲ್ಲಾ ಮರುದಿನ ಮನಿಗೆ ಬಿಡ್ತಾರ. ಕೊಡ ಎತ್ತೋದು, ರೊಟ್ಟಿ ಬಡಿಯೋದು ಡಾಕ್ಟರ್ ಹೂಂ ಅನ್ನೋತನ ಬ್ಯಾಡೇ ಬ್ಯಾಡ. ಜ್ವರ ಬಂದ್ರ, ನೋವು ಏರ್ಕೋತ ಹೋದ್ರ ತಡ ಮಾಡದೆ ದವಾಖಾನಿಗೆ ಹೋಗ್ರಿ. ಈ ಬ್ಯಾನಿ ಕೆಲವರಿಗೆ ತಿರುಗಿ ಬರ್ತದ, ಮುಂದ ಗುಳಿಗಿ ಬೇಕೇನು ಅಂತ ಈಗೇ ಕೇಳ್ಕೊಳ್ರಿ.