ಪಿಎಚ್‌ಡಿಯಲ್ಲಿ ಥಿಯರಿ ಮೊದಲು ಮುಗಿಸಬೇಕಾ, ಫೀಲ್ಡ್‌ವರ್ಕ್ ಮೊದಲಾ?

ಥಿಯರಿ ಅಧ್ಯಾಯ ಪೂರ್ತಿ ಬರೆದು ಆಮೇಲೆ ಫೀಲ್ಡಿಗೆ ಇಳಿಯುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ನಾನು ಹಾಗೇ ಮಾಡಿ ಎರಡು ವರ್ಷ ಕಳೆದುಕೊಂಡೆ.

ನನ್ನ ವಿಷಯ ಸಮಾಜಶಾಸ್ತ್ರದಲ್ಲಿ, ಮಂಡ್ಯದ ಕಬ್ಬು ಬೆಳೆಗಾರರ ಸಾಮಾಜಿಕ ಬಂಡವಾಳ. ಮೈಸೂರಿನ ರೂಮಲ್ಲಿ ಕೂತು ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದಿಯು ಬರೆದದ್ದನ್ನು ಓದಿ ಎಂಬತ್ತು ಪುಟ ಬರೆದೆ. ಪ್ರಶ್ನಾವಳಿ ಒಂದು ವಾರದ ಕೆಲಸ ಅಂದುಕೊಂಡೆ. ಕೆಟ್ಟಿದ್ದೇ ಅಲ್ಲಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾಜಿಕ ಬಂಡವಾಳ ಅನ್ನೋ ಮಾತನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಪಟ್ನಮ್‌ಗೆ ಅದು ಸಂಘ ಸಂಸ್ಥೆ, ಜನರ ನಡುವಿನ ನಂಬಿಕೆ. ಬೂರ್ದಿಯು ಕೇಳೋದೇ ಬೇರೆ: ನಿಮಗೆ ಯಾರು ಗೊತ್ತು, ಅವರ ಕೈಯಲ್ಲಿ ಏನಿದೆ, ಅದು ನಿಮ್ಮ ಕೆಲಸಕ್ಕೆ ಒದಗುತ್ತಾ? ನಾನು ಅಧ್ಯಾಯ ಬರೆದದ್ದು ಬೂರ್ದಿಯು ಹಿಡಿದು. ಪ್ರಶ್ನೆ ಎತ್ತಿಕೊಂಡದ್ದು ಪಟ್ನಮ್ ದಾರಿಯ ಒಂದು ಹಳೇ ಸರ್ವೆಯಿಂದ: 'ನೀವು ಎಷ್ಟು ಸಂಘಗಳ ಸದಸ್ಯರು?' ಉತ್ತರ ಸಂಖ್ಯೆಯಲ್ಲಿ ಬಂದರೆ ಲೆಕ್ಕ ಸುಲಭ, ಅಲ್ವಾ?

212 ಮನೆ ತಿರುಗಿದೆ. ವಿಶ್ವೇಶ್ವರಯ್ಯ ನಾಲೆ ಪಕ್ಕದ ಒಂದು ಊರಲ್ಲಿ ಒಬ್ಬ ಅಕ್ಕ ಬಿಸ್ಕತ್ ಡಬ್ಬದಿಂದ ರಬ್ಬರ್ ಬ್ಯಾಂಡ್ ಸುತ್ತಿದ ಮೂರು ಪಾಸ್‌ಬುಕ್ ತೆಗೆದರು. "ಈ ಸಂಘದ ಕಂತು ಕಟ್ಟೋಕೆ ಆ ಸಂಘದಲ್ಲಿ ಸಾಲ ಎತ್ತೀನಿ ಕಣಪ್ಪ" ಅಂದರು. ನನ್ನ ಹಾಳೆಯಲ್ಲಿ ಊರಿಗೇ ಜಾಸ್ತಿ ಅಂಕ ಅವರಿಗೆ. ಪಕ್ಕದ ಮನೆಯವರು ಯಾವ ಸಂಘಕ್ಕೂ ಸೇರಿರಲಿಲ್ಲ, ಸೊನ್ನೆ. ಆದರೆ ಅವರ ಕಬ್ಬು ಒಂದು ಫೋನಿಗೆ ಕಟಾವಾಗುತ್ತಿತ್ತು. ಈ ಅಕ್ಕನದು ಸೂಲಂಗಿ ಬಿಟ್ಟು, ಅಂದರೆ ಹೂ ಬಂದು, ಕಟಾವಾಗದೆ ಗದ್ದೆಯಲ್ಲೇ ನಿಂತಿತ್ತು. ಯಾರಿಗೆ ಫೋನ್ ಮಾಡ್ತೀರಿ ಅಂತ ನಾನು ಒಂದು ಮನೆಯಲ್ಲೂ ಕೇಳಿರಲಿಲ್ಲ. 212 ಹಾಳೆಯೂ ಕಟ್ಟಿಟ್ಟಲ್ಲೇ ಉಳಿದವು.

ಹಾಗಾಗಿ ಯಾವುದು ಮೊದಲು ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ಸರ್ವೆನಾ ಸಂದರ್ಶನನಾ ಅನ್ನೋದೂ ಆಮೇಲಿನ ಮಾತು. ನಿಮ್ಮ ಥಿಯರಿ ಕೇಳೋದನ್ನೇ ಫೀಲ್ಡಲ್ಲೂ ಕೇಳುತ್ತಿದ್ದೀರಾ, ಅದನ್ನು ನೋಡಿ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಇದೇ ಮಂಡ್ಯದಲ್ಲಿ ಎರಡು ಊರು ಆರಿಸಿಕೊಂಡರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದರ ಜಮೀನಿಗೆ ಹತ್ತಿರಲಿಲ್ಲ. ನೀರು ಬಂದ ಊರಲ್ಲಿ ದುಡ್ಡು ಬಂತು, ಬೇಸಾಯವೇ ಮುಂದುವರಿಯಿತು, ಹಳೇ ಸಂಬಂಧಗಳು ಅಷ್ಟಾಗಿ ಅಲುಗಾಡಲಿಲ್ಲ. ಒಣ ಊರಿನವರು ಹೊರಗೆ ಕೆಲಸ, ವ್ಯಾಪಾರ ಹುಡುಕಿಕೊಂಡು ಹೋದರು, ಬದಲಾವಣೆ ಅಲ್ಲೇ ಜಾಸ್ತಿ ಆಯಿತು. ಊರು ಆರಿಸುವಾಗಲೇ ಅವರ ಥಿಯರಿ ಕೆಲಸ ಶುರು ಮಾಡಿತ್ತು. ಎಷ್ಟು ಚೆಂದ ನೋಡಿ!

ಓದು ನಡೆಯುತ್ತಿರಲಿ, ಈ ತಿಂಗಳೇ ಹತ್ತು ಮನೆಗೆ ಹೋಗಿ ಬನ್ನಿ. ಪ್ರತಿ ಪ್ರಶ್ನೆಯ ಪಕ್ಕ ಬರೆಯಿರಿ: ಉತ್ತರ ಉಲ್ಟಾ ಬಂದರೆ ನನ್ನ ವಾದದಲ್ಲಿ ಏನು ಬಿದ್ದುಹೋಗುತ್ತದೆ? ಏನೂ ಬೀಳದಿದ್ದರೆ ಆ ಪ್ರಶ್ನೆ ಹೊಡೆದುಹಾಕಿ. ನನ್ನ 64 ಪ್ರಶ್ನೆಗಳಲ್ಲಿ ಉಳಿದದ್ದು 11.

ಅಷ್ಟನ್ನೇ ಹಿಡಿದು ಆ ಅಕ್ಕನ ಮನೆಗೆ ಮತ್ತೆ ಹೋದೆ. ಕಟಾವಿಗೆ ಯಾರನ್ನು ಹಿಡಿದಿರಿ ಅಂತ ಕೇಳಿದೆ. ಪಕ್ಕದ ಮನೆ ಕಡೆ ಕೈ ತೋರಿಸಿದರು. "ಅದಕ್ಕೆ ಎರಡು ದಿನ ಅವರ ಗದ್ದೆಗೆ ನಾಟಿಗೆ ಹೋಗಿದ್ದೆ. ಕೂಲಿ ಕೇಳಲಿಲ್ಲ" ಅಂದರು.