ಬೈತಲೆ ಮೊದಲು, ಬೊಟ್ಟು ಆಮೇಲೆ, ಕಾಂಟೂರ್ ಕೊನೆಗೆ

ಮದುವೆ ಸೀಸನ್ ಹತ್ತಿರವಾದಂತೆ ಮುಖದ ಆಕಾರ, ಮೇಕಪ್, ಕೇಶಾಲಂಕಾರದ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ನನ್ನ ಮುಖ ದುಂಡಗಿದೆ ಅಂತ ಅಮ್ಮ, ಚೌಕ ಅಂತ ಪಾರ್ಲರ್‌ನವರು ಹೇಳುತ್ತಾರೆ. ಮೊಬೈಲ್ ಆ್ಯಪ್ ಪ್ರಕಾರ ಹೃದಯಾಕಾರ. ಯಾರನ್ನು ನಂಬಲಿ? — ದಾವಣಗೆರೆ

ಸೆಲ್ಫಿಯನ್ನಂತೂ ನಂಬಬೇಡಿ. ಕೈಯಳತೆ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ದೊಡ್ಡದಾಗಿ, ಕಿವಿಯ ಕಡೆ ಸಣ್ಣದಾಗಿ ಬರುತ್ತದೆ. ಆ್ಯಪ್ ತಪ್ಪುವುದು ಬಹಳ ಸಲ ಇದರಿಂದಲೇ. ಕೂದಲನ್ನು ಪೂರ್ತಿ ಹಿಂದಕ್ಕೆ ಕಟ್ಟಿ, ಐದಾರು ಅಡಿ ದೂರದಿಂದ, ಕಣ್ಣಿನ ಮಟ್ಟದಲ್ಲಿ ಫೋನ್ ಹಿಡಿದು, ಎರಡು ಪಟ್ಟು ಜೂಮ್‌ನಲ್ಲಿ ಬೇರೆಯವರಿಂದ ಒಂದು ಫೋಟೊ ತೆಗೆಸಿಕೊಳ್ಳಿ. ಆ ಫೋಟೊದ ಮೇಲೆ ಸ್ಕೇಲ್ ಇಟ್ಟು ನಾಲ್ಕು ಅಳತೆ ತೆಗೆಯಿರಿ: ಕೂದಲು ಹುಟ್ಟುವ ಗೆರೆಯಿಂದ ಗದ್ದದ ತುದಿವರೆಗೆ, ಹಣೆಯ ಅಗಲ, ಕೆನ್ನೆಮೂಳೆಯ ಅಗಲ, ದವಡೆಯ ಎರಡು ಮೂಲೆಗಳ ನಡುವಿನ ಅಗಲ. ದರ್ಜಿಯ ಟೇಪನ್ನು ಮುಖದ ಮೇಲೆಯೇ ಇಟ್ಟು ಅಳೆದರೆ ಕೆನ್ನೆಯ ಉಬ್ಬೂ ಲೆಕ್ಕಕ್ಕೆ ಸೇರಿ ಎಲ್ಲರ ಮುಖವೂ ಅಗಲವಾಗಿಬಿಡುತ್ತದೆ.

ಉದ್ದವು ಅಗಲದ ಸುಮಾರು ಒಂದೂವರೆ ಪಟ್ಟು ಇದ್ದರೆ ಮೊಟ್ಟೆಯಾಕಾರ. ಅದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಉದ್ದ ಮುಖ. ಉದ್ದ ಅಗಲ ಹತ್ತಿರಹತ್ತಿರ ಇದ್ದರೆ ದುಂಡು ಇಲ್ಲವೇ ಚೌಕ. ಈ ಎರಡರ ವ್ಯತ್ಯಾಸ ದವಡೆಯಲ್ಲಿದೆ: ಕಿವಿಯ ಕೆಳಗಿಂದ ಬೆರಳು ಜಾರಿಸುತ್ತಾ ಬಂದಾಗ ಮೂಳೆಯ ಮೂಲೆ ಸ್ಪಷ್ಟವಾಗಿ ಸಿಕ್ಕರೆ ಚೌಕ, ಗದ್ದದವರೆಗೆ ನಯವಾಗಿ ಜಾರಿದರೆ ದುಂಡು. ಹಣೆ ಎಲ್ಲಕ್ಕಿಂತ ಅಗಲವಾಗಿದ್ದು ಗದ್ದ ಚೂಪಾಗಿದ್ದರೆ ಹೃದಯಾಕಾರ.

ಬಹುಪಾಲು ಮುಖಗಳು ಎರಡು ಆಕಾರಗಳ ಬೆರಕೆ. ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವ ಬದಲು ಮುಖ ಉದ್ದ ಕಾಣಬೇಕೇ ಅಗಲ ಕಾಣಬೇಕೇ, ಅತಿ ಅಗಲದ ಜಾಗ ಯಾವುದು ಎಂಬ ಎರಡನ್ನು ತಿಳಿದುಕೊಂಡರೆ ಸಾಕು.

ದುಂಡು ಮುಖ, ಕುತ್ತಿಗೆಯೂ ಗಿಡ್ಡ. ಮುಹೂರ್ತಕ್ಕೆ ಮೊಗ್ಗಿನ ಜಡೆ, ಸಂಜೆ ರಿಸೆಪ್ಷನ್. ಟ್ರಯಲ್ ಮೇಕಪ್‌ನಲ್ಲಿ ಕಾಂಟೂರ್ ಹಾಕಿದಾಗ ಕೆನ್ನೆಗೆ ಮಸಿ ಮೆತ್ತಿದ ಹಾಗೆ ಕಂಡಿತು. ಏನು ಮಾಡಲಿ? — ಹಾಸನ

ಕಾಂಟೂರ್, ಅಂದರೆ ಮುಖ ಕಿರಿದಾಗಿ ಕಾಣಲೆಂದು ನೆರಳಿನಂತೆ ಹಚ್ಚುವ ಗಾಢ ಬಣ್ಣದ ವಿಷಯ ಆಮೇಲೆ. ಮುಹೂರ್ತದ ಅಲಂಕಾರದಲ್ಲಿ ಮುಖದ ಆಕಾರವನ್ನು ಹೆಚ್ಚು ಬದಲಿಸುವುದು ಕೂದಲು, ಒಡವೆ ಮತ್ತು ಬೊಟ್ಟು. ಬಣ್ಣದ ಪಾಲು ಸಣ್ಣದು.

ಬೈತಲೆ ಬೊಟ್ಟು ಇಡಬೇಕಾದ್ದರಿಂದ ನಡುಬೈತಲೆ ತಪ್ಪುವುದಿಲ್ಲ. ಆದರೆ ಕೂದಲನ್ನು ಪೂರ್ತಿ ತಲೆಗೆ ಅಂಟಿಸಿ ಬಾಚಿದರೆ ದುಂಡು ಮುಖ ಇನ್ನೂ ದುಂಡಾಗುತ್ತದೆ. ಮುಂದಿನ ಎರಡು ಬೆರಳಗಲದ ಕೂದಲನ್ನು ಬೇರೆ ಮಾಡಿಟ್ಟು, ಅದರ ಹಿಂದಿನ ನೆತ್ತಿಯ ಕೂದಲಿಗೆ ಬುಡದಲ್ಲಷ್ಟೇ ಬ್ಯಾಕ್‌ಕೋಂಬ್ (ಬುಡದ ಕಡೆಗೆ ಹಿಮ್ಮುಖವಾಗಿ ಬಾಚುವುದು) ಮಾಡಿಸಿ ಒಂದರಿಂದ ಒಂದೂವರೆ ಇಂಚು ಎತ್ತರದ ಪಫ್ ಕೊಡಿಸಿ. ಮುಂದಿನ ಕೂದಲು ಅದರ ಮೇಲೆ ಹಾದುಹೋಗಲಿ. ಕಿವಿಯ ಮೇಲಿನ ಭಾಗ ಮಾತ್ರ ಒತ್ತಾಗಿರಬೇಕು, ಅಲ್ಲಿ ಉಬ್ಬಿದರೆ ಅಗಲ ಹೆಚ್ಚುತ್ತದೆ. ಮಲ್ಲಿಗೆ ದಂಡೆಯನ್ನು ಕಿವಿಯ ಪಕ್ಕ ಇಳಿಬಿಡದೆ ನೆತ್ತಿಯ ಹಿಂದೆ ಕಮಾನಿನಂತೆ ಸುತ್ತಿಸಿ. ಎದುರಿನಿಂದ ಅದು ತಲೆಯ ಮೇಲೆ ಬಿಳಿ ಅಂಚಾಗಿ ಕಾಣುತ್ತದೆ, ಎತ್ತರವೂ ಸಿಗುತ್ತದೆ.

ಬಾಸಿಂಗ ಕಟ್ಟುವ ಪದ್ಧತಿ ನಿಮ್ಮಲ್ಲಿದ್ದರೆ ಮೇಕಪ್ ಮಾಡುವವರಿಗೆ ಮೊದಲೇ ಹೇಳಿ. ಬಾಸಿಂಗ ಹಣೆಯನ್ನು ಮುಚ್ಚುವುದರಿಂದ ಮುಖ ಗಿಡ್ಡವಾಗುತ್ತದೆ. ಅದರ ದಾರ ಪಫ್‌ನ ಮೇಲೆ ಬಿಗಿದರೆ ಕಷ್ಟಪಟ್ಟು ಮಾಡಿದ ಎತ್ತರ ಅರ್ಧ ಗಂಟೆಯಲ್ಲಿ ಕುಸಿಯುತ್ತದೆ. ದಾರ ಪಫ್‌ನ ಕೆಳಗೆ, ಜಡೆಯ ಬುಡದಲ್ಲಿ ಗಂಟಾಗಲಿ. ಎರಡೂ ಪಕ್ಕ ಒಂದೊಂದು ಜೊತೆ ಪಿನ್ನನ್ನು ಅಡ್ಡಡ್ಡ, ಗುಣಾಕಾರದ ಗುರುತಿನಂತೆ ಹಾಕಿದರೆ ಅದು ಜಾರುವುದಿಲ್ಲ. ಮೊಗ್ಗಿನ ಜಡೆ ತೂಕದ್ದು. ಚೌರಿ ಸೇರಿಸಿ ಬಿಗಿಯಾಗಿ ಹೆಣೆದ ಜಡೆಗೆ ಅದನ್ನು ಮೇಲಿಂದ ಕೆಳಗಿನವರೆಗೆ ಐದಾರು ಕಡೆ ದಾರದಿಂದ ಕಟ್ಟಿಸಿ. ಮೇಲ್ತುದಿಯಲ್ಲಷ್ಟೇ ಪಿನ್ ಮಾಡಿದರೆ ಹಾರ ಬದಲಿಸುವ ಹೊತ್ತಿಗೇ ನೆತ್ತಿ ಎಳೆಯಲು ಶುರುವಾಗಿ, ಧಾರೆಯ ಹೊತ್ತಿಗೆ ತಲೆನೋವು ಬರುತ್ತದೆ.

ಬೈತಲೆ ಬೊಟ್ಟು ತೆಳು ಸರದ್ದು, ಪದಕ ಉದ್ದಕ್ಕೆ ಇಳಿಯುವಂಥದ್ದು ಇರಲಿ. ಹಣೆಯ ಎರಡೂ ಬದಿಗೆ ಸರ ಹರಡುವ ಮಾಥಾಪಟ್ಟಿ ನಿಮಗೆ ಬೇಡ, ಅದು ಅಡ್ಡಗೆರೆ ಎಳೆಯುತ್ತದೆ. ಅಗಲ ಬುಟ್ಟಿಯ ಜುಮುಕಿ ಸರಿಯಾಗಿ ದವಡೆಯ ಮಟ್ಟಕ್ಕೆ ಬಂದು ನಿಲ್ಲುವುದರಿಂದ ಕೆನ್ನೆ ದಪ್ಪ ಕಾಣುತ್ತದೆ. ಕಿರಿದಾದ, ಉದ್ದನೆಯ ಜುಮುಕಿ ಸರಿಹೋಗುತ್ತದೆ. ಮನೆಯ ಒಡವೆ ಎಂದು ಕುತ್ತಿಗೆಗೆ ಬಿಗಿದ ಅಡ್ಡಿಕೆ ಹಾಕಲೇಬೇಕಾದರೆ ಕೆಳಗೆ ಒಂದು ಉದ್ದ ಹಾರ ಇರಲಿ, ಎರಡರ ನಡುವೆ ಕನಿಷ್ಠ ನಾಲ್ಕು ಬೆರಳಗಲ ಚರ್ಮ ಕಾಣಲಿ. ದೊಡ್ಡ ದುಂಡು ಬೊಟ್ಟಿನ ಬದಲು ಉದ್ದನೆಯ ತಿಲಕದ ಆಕಾರ ಆರಿಸಿ. ದುಂಡೇ ಬೇಕೆಂದು ಹಿರಿಯರು ಹಟ ಹಿಡಿದರೆ ಚಿಕ್ಕ ಬೊಟ್ಟಿಟ್ಟು, ಅದರ ಮೇಲೆ ತೆಳುವಾಗಿ ಒಂದು ಗೆರೆ ಕುಂಕುಮ ಎಳೆದರೆ ಇಬ್ಬರಿಗೂ ಸಮಾಧಾನ.

ಇನ್ನು ಮಸಿಯಂಥ ಕಾಂಟೂರ್. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಬಣ್ಣ. ಬೆಳ್ಳಗಿನ ಚರ್ಮಕ್ಕೆಂದು ಮಾಡಿದ ಬೂದು ಛಾಯೆಯ ಕಾಂಟೂರ್ ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣಗಳ ಮೇಲೆ ಕೊಳೆಯಂತೆ ಕೂರುತ್ತದೆ. ನಿಮ್ಮ ಚರ್ಮಕ್ಕಿಂತ ಎರಡು ಶೇಡ್ ಗಾಢವಾದ, ಹೊಳಪಿಲ್ಲದ ಕಂದು ಬೇಕು. ಎರಡು, ಜಾಗ. ಕೆನ್ನೆಯ ಹಳ್ಳ ಹುಡುಕಲು ಕೆನ್ನೆ ಒಳಕ್ಕೆಳೆದು, ಹಳ್ಳದಲ್ಲೇ ಬಣ್ಣ ಹಾಕಿದರೆ ಅದು ಬಾಯಿಯತ್ತ ಇಳಿಯುತ್ತದೆ. ಕಿವಿಯ ಮಧ್ಯಭಾಗದಿಂದ ಶುರುಮಾಡಿ, ಹಳ್ಳಕ್ಕಿಂತ ಒಂದು ಬೆರಳು ಮೇಲೆ, ಕಣ್ಣಿನ ಹೊರಮೂಲೆಯಿಂದ ನೇರ ಕೆಳಗೆ ಇಳಿಸಿದ ಗೆರೆಯ ಹತ್ತಿರ ನಿಲ್ಲಿಸಿ, ಮೇಲ್ಮುಖವಾಗಿ ಹರಡಬೇಕು. ಮೂರು, ಕ್ರಮ. ಪೌಡರ್ ಹಾಕಿದ ಮೇಲೆ ಕ್ರೀಮ್ ಕಾಂಟೂರ್ ತಿಕ್ಕಿದರೆ ತೇಪೆತೇಪೆಯಾಗುತ್ತದೆ. ಫೌಂಡೇಶನ್, ಕ್ರೀಮ್ ಕಾಂಟೂರ್, ಕ್ರೀಮ್ ಬ್ಲಶ್, ಕೊನೆಗೆ ಪೌಡರ್ — ಇದು ಸರಿಯಾದ ಕ್ರಮ.

ಬ್ಲಶ್ ಹಾಕುವಾಗ ನಗಬೇಡಿ. ನಕ್ಕಾಗ ಉಬ್ಬುವ ಜಾಗಕ್ಕೆ ಗುಂಡಗೆ ಬಣ್ಣ ಹಚ್ಚುವುದು ಉದ್ದ ಮುಖದವರಿಗೆ ಒಳ್ಳೆಯದು. ನಿಮಗೆ ಅದು ಕೆನ್ನೆಮೂಳೆಯ ಮೇಲಿನಿಂದ ಕಣತಲೆಯತ್ತ ಓರೆಯಾಗಿ ಹೋಗಲಿ.

ಬೆಳಗಿನ ಬೆಳಕಿನಲ್ಲಿ, ಒಂದೂವರೆ ಅಡಿ ದೂರದಿಂದ ಅಕ್ಷತೆ ಹಾಕುವವರ ಕಣ್ಣಿಗೆ ಕಾಂಟೂರ್ ಕಾಣಬಾರದು, ಹಾಗಾಗಿ ಮುಹೂರ್ತಕ್ಕೆ ಅರ್ಧ ಸಾಕು. ರಿಸೆಪ್ಷನ್ ವೇದಿಕೆಯಲ್ಲಿ ಎದುರಿನ ವಿಡಿಯೊ ಲೈಟು ಮುಖದ ನೆರಳನ್ನೆಲ್ಲ ಅಳಿಸಿಹಾಕುತ್ತದೆ. ಅಲ್ಲಿ ಪೂರ್ತಿ ಹಾಕಿಸಬಹುದು. ಟ್ರಯಲ್ ಆದಮೇಲೆ ಕನ್ನಡಿ ಮುಂದೆ ನಿಂತು ಒಪ್ಪಿಗೆ ಕೊಡಬೇಡಿ, ಹೊರಗೆ ಬಿಸಿಲಿಗೆ ಬಂದು ನೋಡಿ.

ಉದ್ದ ಮುಖ, ಹಣೆ ದೊಡ್ಡದು, ಗುಂಗುರು ಕೂದಲು. ಹಣೆ ಮುಚ್ಚುವ ಹಾಗೆ ಮುಂದೆ ಕತ್ತರಿಸಿಕೊಳ್ಳಬಹುದೇ? — ಮಂಗಳೂರು

ಕತ್ತರಿಸಬಹುದು, ಕೂದಲು ಒಣಗಿರುವಾಗ. ಒದ್ದೆ ಗುಂಗುರನ್ನು ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರೆ ಒಣಗಿದ ಮೇಲೆ ಅದು ಸುರುಳಿಗೊಂಡು ಹಣೆಯ ಅರ್ಧಕ್ಕೆ ಏರಿ ನಿಲ್ಲುತ್ತದೆ, ಕರಾವಳಿಯ ತೇವದ ಗಾಳಿಗೆ ಇನ್ನಷ್ಟು. ಒಣಗಿದ್ದಾಗಲೂ ಹುಬ್ಬಿಗಿಂತ ಒಂದಿಂಚು ಕೆಳಗೇ ಬಿಡಿಸಿ, ವಾರ ಕಳೆದು ನೋಡಿ ಬೇಕಿದ್ದರೆ ಇನ್ನಷ್ಟು ತೆಗೆಸಿ. ಬೈತಲೆ ಪಕ್ಕಕ್ಕಿರಲಿ, ಕೂದಲಿನ ತುಂಬುತನ ಕಿವಿಯ ಮಟ್ಟದಲ್ಲಿರಲಿ. ನೆತ್ತಿಯ ಮೇಲೆ ಎತ್ತರದ ತುರುಬು, ಎದೆಯವರೆಗೆ ನೇರ ಮಾಡಿಸಿದ ಕೂದಲು ಎರಡೂ ಮುಖವನ್ನು ಮತ್ತೆ ಉದ್ದ ಮಾಡುತ್ತವೆ.

ಹಣೆ ಹುಟ್ಟಿನಿಂದ ದೊಡ್ಡದೋ, ಈಚೆಗೆ ದೊಡ್ಡದಾಯಿತೋ? ಹಳೆಯ ಫೋಟೊ ತೆಗೆದು ಹೋಲಿಸಿ. ದಿನವೂ ಬಿಗಿಯಾಗಿ ಎಳೆದು ಕಟ್ಟುವವರಿಗೆ ಕಣತಲೆಯ ಬಳಿ ಕೂದಲು ತೆಳ್ಳಗಾಗುತ್ತದೆ. ಬುಡದಲ್ಲಿ ಸಣ್ಣ ಗುಳ್ಳೆ, ಅಂಚಿನಲ್ಲಿ ತುಂಡಾದ ಗಿಡ್ಡ ಕೂದಲು ಇದರ ಮೊದಲ ಗುರುತು. ಆ ಹಂತದಲ್ಲಿ ಸಡಿಲ ಬಿಟ್ಟರೆ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಎಳೆದು ಬುಡವೇ ಸತ್ತಮೇಲೆ ಬೆಳೆಯುವುದಿಲ್ಲ.

ಕನ್ನಡಕ ಹಾಕುತ್ತೇನೆ, ಪವರ್ ಮೈನಸ್ ಐದು. ಕಣ್ಣಿನ ಮೇಕಪ್ ಕಾಣುವುದೇ ಇಲ್ಲ. — ಬೆಳಗಾವಿ

ಮೈನಸ್ ಗಾಜು ಕಣ್ಣನ್ನು ಚಿಕ್ಕದು ಮಾಡಿ ತೋರಿಸುತ್ತದೆ. ಕಣ್ಣಿನ ಒಳಅಂಚಿಗೆ ಕಪ್ಪು ಕಾಡಿಗೆ ತುಂಬಿದರೆ ಇನ್ನೂ ಚಿಕ್ಕದಾಗುತ್ತದೆ. ಕೆಳಗಿನ ಒಳಅಂಚಿಗೆ ಚರ್ಮದ ಬಣ್ಣದ ಪೆನ್ಸಿಲ್, ಮೇಲಿನ ರೆಪ್ಪೆಗೆ ತೆಳು ಲೈನರ್, ಮಸ್ಕಾರಾ ಬುಡದಲ್ಲಿ ದಟ್ಟವಾಗಿ ತುದಿಯಲ್ಲಿ ಹಗುರವಾಗಿ. ತುದಿ ಉದ್ದವಾದರೆ ಗಾಜಿಗೆ ಉಜ್ಜಿ ಕಲೆಯಾಗುತ್ತದೆ. ಪ್ಲಸ್ ಪವರ್‌ನವರಿಗೆ ಇದು ತಿರುಗುಮುರುಗು: ಅವರ ಕಣ್ಣೂ ದೊಡ್ಡದಾಗಿ ಕಾಣುತ್ತದೆ, ಒರಟಾದ ಕೈಕೆಲಸವೂ ದೊಡ್ಡದಾಗಿ ಕಾಣುತ್ತದೆ.

ಸ್ಟಿಕ್ಕರ್ ಬೊಟ್ಟು ಇಡುವ ಜಾಗದಲ್ಲಿ ತುರಿಕೆ ಇತ್ತು, ಈಗ ಬಿಳಿ ಮಚ್ಚೆ ಆಗಿದೆ. ಅದನ್ನು ಮುಚ್ಚುವಂಥ ಬೊಟ್ಟು ಯಾವುದು? — ತುಮಕೂರು

ಮುಚ್ಚುವ ಮೊದಲು ನಿಲ್ಲಿಸಿ. ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯೂಟೈಲ್ ಫಿನಾಲ್ ಎಂಬ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಹಾಳುಮಾಡಬಲ್ಲದು. ಇನ್ನೂ ದೊಡ್ಡ ಸ್ಟಿಕ್ಕರ್ ಇಟ್ಟರೆ ಮಚ್ಚೆಯೂ ಅಷ್ಟಗಲ ಆಗಬಹುದು. ಬ್ರ್ಯಾಂಡ್ ಬದಲಿಸಿ ನೋಡೋಣ ಎನ್ನುವುದೂ ಬೇಡ. ಚರ್ಮವೈದ್ಯರಿಗೆ ತೋರಿಸಿ, ಹೋಗುವಾಗ ನೀವು ಬಳಸುವ ಸ್ಟಿಕ್ಕರ್ ಪ್ಯಾಕೆಟ್ಟನ್ನೂ ಒಯ್ಯಿರಿ. ಇದು ಅಂಟಿನಿಂದ ಆದದ್ದೋ ಸಾಮಾನ್ಯ ತೊನ್ನೋ ಎಂದು ಅವರೇ ಹೇಳಬೇಕು, ಚಿಕಿತ್ಸೆಯೂ ಅದರ ಮೇಲೆ ನಿಂತಿದೆ. ಅವರು ಒಪ್ಪುವವರೆಗೆ ಆ ಜಾಗಕ್ಕೆ ಕುಂಕುಮವೂ ಬೇಡ, ಅದರಲ್ಲಿನ ಬಣ್ಣಕ್ಕೂ ಕೆಲವರಿಗೆ ಅಲರ್ಜಿ ಆಗುತ್ತದೆ. ಮುಂದೆ ಬೊಟ್ಟು ಬೇಕೆನಿಸಿದರೆ ಪೆನ್ಸಿಲ್‌ನದ್ದನ್ನು ಮೊದಲು ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ, ಕೆಂಪಾಗದಿದ್ದರೆ ಮಾತ್ರ ಹಣೆಗೆ.